ಮಟ್ಟದ ಪುಸ್ತಕ

ಬಿರುನಾಣಿಗೆ ಹೊಸದಾಗಿ ಬಂದ ಚಳ್ಳಕೆರೆಯ ಮೇಷ್ಟ್ರು
ಸೇತುವೆಯ ಬೋರ್ಡು ಓದಿ ನಕ್ಕರು: ‘ಬರಪೊಳೆ!
ನಮ್ಮೂರ ಬರ ಇಲ್ಲಿಗೆ ಬಂದು ಹೊಳೆಯಾಯಿತೇ?’
ಜೂನ್ ಏಳಕ್ಕೆ ಅವರ ಕೊಡೆ ಮುರಿಯಿತು,
ಹದಿನೈದಕ್ಕೆ ಎರಡನೆಯದು.
ಆಮೇಲೆ ಅವರು ಹೆಸರಿನ ತಂಟೆಗೆ ಬರಲಿಲ್ಲ.

ನಾನು ನೀರು ಓದುವವನು.
ಮೂರನೇ ಕಂಬದ ಮೇಲೆ ಬಿಳಿ ಪಟ್ಟಿ, ಕಪ್ಪು ಅಂಕಿ;
ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ,
ಆಟಿಯಲ್ಲಿ ಗಂಟೆಗೊಮ್ಮೆ.
ನನಗಿಂತ ಮುಂಚೆ ಕರುಂಬಯ್ಯ ಮಾವ,
ಅವರ ಅಕ್ಷರ ಜಿಗಣೆಯ ಹಾಗೆ
ಕಾಗದಕ್ಕೆ ಕಚ್ಚಿಕೊಂಡು.

ಬ್ರಹ್ಮಗಿರಿಯ ಬೆನ್ನಿಂದ ಇಬ್ಬರು ಇಳಿದರು.
ಲಕ್ಷ್ಮಣತೀರ್ಥ ಮೂಡಣಕ್ಕೆ ಹೊರಟು
ಕಾವೇರಿಯ ಮನೆ ಸೇರಿದಳು:
ಗದ್ದೆ, ನಾಲೆ, ಅಣೆಕಟ್ಟು,
ಎರಡು ರಾಜ್ಯದ ವಕೀಲರ ಬಾಯಲ್ಲಿ ದಿನವೂ ಜಪ.
ಇವಳು ಪಡುವಣಕ್ಕೆ ತಿರುಗಿದಳು.
ಇವಳ ಮೇಲೆ ವ್ಯಾಜ್ಯವಿಲ್ಲ, ತೀರ್ಪಿಲ್ಲ,
ಮೀಯಲು ಬರುವವರಿಗೆ ವಿಶೇಷ ಬಸ್ಸಿಲ್ಲ.
ಯಾಕೆ ಎಂದರೆ ಮಾವ ಎಲೆ ಮಡಿಸುತ್ತ,
‘ಒಂದು ಬಂಡೆ. ಅಡ್ಡ ಬಂತು. ಅಷ್ಟೆ.’

ಬಯಲಿನಲ್ಲಿ ಪಾಲು ಹಾಲಾಯಿತು, ಪೂವು ಹೂವಾಯಿತು,
ಪುಲಿಯಂಥ ಪುಲಿಯೂ ಹುಲಿಯಾಯಿತು.
ಘಟ್ಟದ ಮೇಲೆ ನಮ್ಮ ಅವ್ವನ ಬಾಯಲ್ಲಿ
ಪೊಳೆ ಮಾತ್ರ ಪೊಳೆಯೇ.
ಕೂಟುಪುಳ ದಾಟಿದರೆ ಮಲೆಯಾಳದಲ್ಲಿ ಪುಳ.
ತುಟಿ ಮುಚ್ಚಿ ಬಿಚ್ಚದೆ
ಇವಳನ್ನು ಕರೆಯಲಾಗದು,
ಬಂಡೆಗೆ ಬಡಿಯದೆ ಇವಳೂ ಮಾತಾಡಳು.

ಪುಸ್ತಕಕ್ಕೂ ಹಿಂದೆ, ಮಾವ ಕೇಳಿದ್ದು:
ಉಪ್ಪು ಹೊತ್ತ ಎತ್ತು ಘಟ್ಟ ಹತ್ತುತ್ತಿತ್ತು,
ಏಲಕ್ಕಿ ಹೊತ್ತು ಇಳಿಯುತ್ತಿತ್ತು.
ಆಮೇಲೆ ದೊರೆಗಳು ಮರಕ್ಕೆ ಮೊಹರು ಹೊಡೆದು
ಮೊದಲ ಮಳೆಗೆ ತೇಲಿ ಬಿಟ್ಟರು, ಕಡಲವರೆಗೆ.
ಒಂದು ದಿಮ್ಮಿ ಹೋಗಲಿಲ್ಲ.
ಕೆಳಗಿನ ಮಡುವಿನಲ್ಲಿ ಸಿಕ್ಕಿಕೊಂಡು ಈಗಲೂ ಇದೆ,
ಏಪ್ರಿಲಿನಲ್ಲಿ ಬೆನ್ನು ತೋರಿಸುತ್ತದೆ;
ಮೊಹರಿನ ಕಿರೀಟದ ಮೇಲೆ
ಆಮೆಯೊಂದು ಬಿಸಿಲು ಕಾಯಿಸುತ್ತದೆ.

ಜುಲೈಯಲ್ಲಿ ಹುಡುಗರು ಬರುತ್ತಾರೆ,
ರಬ್ಬರ್ ದೋಣಿ ತಲೆಯ ಮೇಲೆ, ಹಳದಿ ಹೆಲ್ಮೆಟ್ಟು.
‘ಅಂಕಲ್, ಲೆವೆಲ್ ಎಷ್ಟು?’
‘ಎರಡು ಪಾಯಿಂಟ್ ನಾಲ್ಕು’ ಎನ್ನುತ್ತೇನೆ.
ಅವರಿಗೆ ಅದು ಖುಷಿ, ನನಗೆ ಸಂಬಳ.
ಅವಳಿಗೆ ಏನೆಂದು ಬರೆಯಲು ಕಾಲಂ ಇಲ್ಲ.

ಹದಿನೆಂಟರ ಆಗಸ್ಟಿನ ಒಂದು ರಾತ್ರಿ
ಪಟ್ಟಿಯೇ ಮುಳುಗಿತು.
ಟಾರ್ಚು ಬಿಟ್ಟರೆ ಕೆಂಪು, ಬರೀ ಕೆಂಪು,
ಬೇರು ಮೇಲಾಗಿ ಒಂದು ಹಲಸು ಹಾದುಹೋಯಿತು
ಕಾಯಿಗಳ ಸಮೇತ.
ತಿಂಗಳಾದ ಮೇಲೆ ಸಾಹೇಬರ ಫೋನು:
‘ಆರು ಮನೆ ಖಾಲಿ ಬಿಟ್ಟಿದ್ದೀರಿ, ಅಂದಾಜು ತುಂಬಿಸಿ.’

ಮಾವ ಇಂಥದ್ದಕ್ಕೆ ಏನು ಮಾಡುತ್ತಿದ್ದರೆಂದು
ಅಟ್ಟ ಹತ್ತಿ ಹಳೆಯ ಪುಸ್ತಕ ಬಿಚ್ಚಿದೆ.
ಅರವತ್ತೊಂದು. ಅಡಿಗಳ ಕಾಲ. ಗೆದ್ದಲು ತಿಂದು ಉಳಿದ ಪುಟ.
ಹದಿನಾರು, ಹದಿನೇಳೂವರೆ, ಹತ್ತೊಂಬತ್ತು,
ಆಮೇಲೆ ಅಂಕಿ ಇಲ್ಲ, ಒಂದೇ ಸಾಲು:
‘ಕಾಣಲಿಲ್ಲ. ಕೇಳಿಸಿತು.’

ನಾನೂ ಅದನ್ನೇ ಬರೆದು ಕಳಿಸಿದೆ.
ಮೆಮೋ ಬಂತು.
ಮರುವರ್ಷ ಯಂತ್ರ ಬಂತು,
ಕಂಬದ ತುದಿಯಲ್ಲಿ ಹಸಿರು ಮಿಣುಕು.
ನನ್ನ ಸಂಬಳ ನಿಂತಿತು. ಎಂಟು ಗಂಟೆ ನಿಲ್ಲಲಿಲ್ಲ.

ಮೊನ್ನೆ ಮೇಷ್ಟ್ರಿಗೆ ವರ್ಗವಾಯಿತು.
ಹೊಳೆಗಿಳಿದು ಬಾಟಲಿ ತುಂಬಿಕೊಂಡರು,
ಅವ್ವನಿಗೆ ತೋರಿಸಬೇಕಂತೆ.
ಹುಣಸೂರು ಮುಟ್ಟುವ ಮೊದಲೇ ಬಾಯಾರಿ
ಕುಡಿದುಬಿಟ್ಟೆ ಎಂದು ಫೋನಿನಲ್ಲಿ ನಾಚಿಕೊಂಡರು.

ಪುಸ್ತಕದ ಕೊನೆಯ ಪುಟದಲ್ಲಿ ಇದೆ:
ಮೂಡಣಕ್ಕೆ ಹೋದದ್ದು,
ಒಂದು ಲೀಟರ್.